ಶಾಲೆಯ ಗೇಟಿನಿಂದ 50 ಮೀಟರ್

ಹೊಸಪೇಟೆಯಿಂದ ಕುಷ್ಟಗಿಯತ್ತ ಹೋಗುವ ಹೆದ್ದಾರಿಯ ಮೇಲೆ ಕೊಪ್ಪಳ ಜಿಲ್ಲೆಯ ಹಿಟ್ನಾಳ ಇದೆ. ಹೆದ್ದಾರಿ ಹಾದುಹೋಗುವ ಊರುಗಳಲ್ಲಿ ಪಾಕೀಟು ತಿಂಡಿಗೆ ಬರವಿಲ್ಲ. ಐದು ರೂಪಾಯಿಗೆ ಚಿಪ್ಸ್, ಹತ್ತು ರೂಪಾಯಿಗೆ ಬಣ್ಣದ ಜ್ಯೂಸ್. ಕೊಪ್ಪಳ ಜಿಲ್ಲೆಯ ಮಕ್ಕಳ ಮಾತು ಬಂದಾಗಲೆಲ್ಲ ಸೊರಗಿದ ಮಗುವಿನ ಚಿತ್ರವೇ ಕಣ್ಣ ಮುಂದೆ ಬರುತ್ತದೆ. ಅದು ಸುಳ್ಳಲ್ಲ. ಆದರೆ ತೂಕ ಮಿತಿಮೀರಿದ ಮಗುವೂ ಅಪೌಷ್ಟಿಕ ಮಗುವೇ. ‘ಮೈಕೈ ತುಂಬಿಕೊಂಡಾನ, ಚಲೋ ಆತು’ ಎನ್ನುವ ಮನೆಮಂದಿಗೆ ಇದು ತಟ್ಟನೆ ಒಪ್ಪಿಗೆಯಾಗುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಐದು ವರ್ಷದೊಳಗಿನ ಅತಿತೂಕದ ಮಕ್ಕಳ ಪ್ರಮಾಣ 2015–16ರಲ್ಲಿ ಶೇ 2.1 ಇದ್ದದ್ದು 2019–21ರಲ್ಲಿ ಶೇ 3.4ಕ್ಕೆ ಏರಿದೆ. ಯುನಿಸೆಫ್ 2025ರ ಸೆಪ್ಟೆಂಬರ್‌ನಲ್ಲಿ ಹೇಳಿದ್ದು ಇನ್ನೂ ಗಂಭೀರ: ಜಗತ್ತಿನ 5ರಿಂದ 19 ವರ್ಷದವರಲ್ಲಿ ಬೊಜ್ಜಿನವರು ಶೇ 9.4, ಕಡಿಮೆ ತೂಕದವರು ಶೇ 9.2.

ಇದಕ್ಕೆ ಮಗುವಿನ ತಾಟಿನಿಂದ ಊಟ ಕಸಿಯುವುದು ಪರಿಹಾರವಲ್ಲ. ಸರಿಯಾದ ಊಟ, ಆಡಲು ಜಾಗ, ಪಾಕೀಟು ತೂಗಾಡದ ಶಾಲಾ ಬಾಗಿಲು, ಈ ಮೂರನ್ನೂ ಕಾನೂನು ಮಗುವಿಗೆ ಕೊಟ್ಟಿದೆ. ಕೇಳಿ ಪಡೆಯುವವರು ಕಡಿಮೆ, ಅಷ್ಟೆ.

ಮೊದಲು ಬಾಗಿಲಿನ ಮಾತು. ದೆಹಲಿ ಹೈಕೋರ್ಟ್‌ನಲ್ಲಿ ಶಾಲೆಗಳ ಸುತ್ತಲಿನ ಜಂಕ್ ತಿಂಡಿಯ ವಿರುದ್ಧ ಉದಯ್ ಫೌಂಡೇಶನ್ ನಡೆಸಿದ ಮೊಕದ್ದಮೆಯಲ್ಲಿ 2015ರಲ್ಲಿ ತೀರ್ಪು ಬಂತು. ಅದರ ಬೆನ್ನಿಗೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಶಾಲಾ ಮಕ್ಕಳ ಆಹಾರಕ್ಕೆಂದೇ 2020ರಲ್ಲಿ ನಿಯಮಾವಳಿ ಹೊರಡಿಸಿತು. 2021ರ ಜುಲೈ 1ರಿಂದ ಅದು ಜಾರಿಯಲ್ಲಿದೆ. ಕೆಟ್ಟ ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿನಿಸನ್ನು ಶಾಲೆಯ ಕ್ಯಾಂಟೀನಿನಲ್ಲಾಗಲಿ, ಹಾಸ್ಟೆಲ್ ಅಡುಗೆಮನೆಯಲ್ಲಾಗಲಿ, ಶಾಲೆಯ ಗೇಟಿನಿಂದ ಯಾವುದೇ ದಿಕ್ಕಿಗೆ 50 ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರುವಂತಿಲ್ಲ. ಆ ಅಳತೆಯೊಳಗೆ ಅಂಥ ತಿನಿಸಿನ ಜಾಹೀರಾತೂ ಸಲ್ಲದು. ಕಂಪನಿ ಕೊಡುವ ಬಣ್ಣದ ಬೋರ್ಡು ಪುಕ್ಕಟೆ ಸಿಗುತ್ತದೆಂದು ಶಾಲೆಯ ಗೋಡೆಗೆ ಬಿಗಿಯುವುದೂ ಇದರಲ್ಲೇ ಸೇರುತ್ತದೆ.

ನಿಯಮ ಉಲ್ಲಂಘನೆ ಕಂಡರೆ ಮೊದಲು ಶಾಲಾ ಮುಖ್ಯೋಪಾಧ್ಯಾಯರಿಗೂ ಎಸ್‌ಡಿಎಂಸಿಗೂ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಬರೆದು ಕೊಡಿ. ಬಗೆಹರಿಯದಿದ್ದರೆ ತಾಲೂಕಿನ ಆಹಾರ ಸುರಕ್ಷತಾಧಿಕಾರಿಗೆ, ಮುಂದೆ ಕೊಪ್ಪಳದಲ್ಲಿರುವ ಜಿಲ್ಲಾ ಅಂಕಿತ ಅಧಿಕಾರಿಗೆ ದೂರು ಸಲ್ಲಿಸಬಹುದು. ಪ್ರಾಧಿಕಾರದ ಉಚಿತ ಸಹಾಯವಾಣಿ 1800112100. ತಿನಿಸಿನ ಗುಣಮಟ್ಟದ ಮೇಲೇ ಅನುಮಾನವಿದ್ದರೆ 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಂ ಕೊಳ್ಳುವವರ ಕೈಗೆ ದೊಡ್ಡ ಅಧಿಕಾರ ಕೊಡುತ್ತದೆ: ಶುಲ್ಕ ಕಟ್ಟಿ ನೀವೇ ಅದನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಪರೀಕ್ಷೆಗೆ ಕಳಿಸುತ್ತೇವೆಂದು ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಿರಬೇಕು. ದೋಷ ರುಜುವಾತಾದರೆ ಶುಲ್ಕ ಮರಳಿ ಬರುತ್ತದೆ. ಇಲ್ಲೊಂದು ಮಾತು ಹೇಳಲೇಬೇಕು. ಶಾಲೆಯೆದುರಿನ ಗೂಡಂಗಡಿ ಬಡವರ ಹೊಟ್ಟೆಪಾಡು. ಅಂಗಡಿ ಎತ್ತಿಸುವುದು ದೂರಿನ ಗುರಿಯಾಗಬಾರದು. ಬಾಳೆಹಣ್ಣು, ಪೇರಲ, ಹುರಿದ ಶೇಂಗಾ, ಕುದಿಸಿದ ಕಾಳು ಮಾರುವುದಕ್ಕೆ ಈ ನಿಯಮದಲ್ಲಿ ಅಡ್ಡಿಯಿಲ್ಲ.

ಇನ್ನು ಬಿಸಿಯೂಟ. 2001ರಲ್ಲಿ ಸುಪ್ರೀಂ ಕೋರ್ಟ್ ಬೇಯಿಸಿದ ಊಟ ಕೊಡಲೇಬೇಕೆಂದು ಆದೇಶಿಸಿದ ಮೇಲೆ, 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದ ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಈ ಊಟವನ್ನು ಹಕ್ಕನ್ನಾಗಿಸಿತು: ಆರು ತಿಂಗಳಿಂದ ಆರು ವರ್ಷದವರೆಗೆ ಅಂಗನವಾಡಿಯ ಮೂಲಕ, ಆನಂತರ ಎಂಟನೇ ತರಗತಿವರೆಗೆ ಸರ್ಕಾರಿ ಮತ್ತು ಅನುದಾನಿತ ಶಾಲೆಯಲ್ಲಿ. ಕಿರಿಯ ಪ್ರಾಥಮಿಕ ಮಗುವಿನ ಊಟಕ್ಕೆ 450 ಕ್ಯಾಲರಿ, 12 ಗ್ರಾಂ ಪ್ರೋಟೀನು. ಹಿರಿಯ ಪ್ರಾಥಮಿಕಕ್ಕೆ 700 ಕ್ಯಾಲರಿ, 20 ಗ್ರಾಂ. ಬರೀ ಅನ್ನ, ನೀರುಸಾರು ಹಾಕಿದರೆ ಹೊಟ್ಟೆ ತುಂಬಿದಂತೆ ಅನ್ನಿಸೀತು, ಪ್ರೋಟೀನು ಮಾತ್ರ ಸಿಗದು. ಮಧ್ಯಾಹ್ನ ಸರಿಯಾಗಿ ಉಣ್ಣದ ಮಗು ಸಂಜೆ ಪಾಕೀಟಿಗೆ ಕೈ ಚಾಚುತ್ತದೆ. ಬೇಳೆ, ತರಕಾರಿ, ಮೊಟ್ಟೆ ಕೇಳುವುದು ಬೊಜ್ಜಿನ ವಿರುದ್ಧವೂ ನಡೆಸುವ ಹೋರಾಟ ಎನ್ನುವುದು ಅದಕ್ಕೇ. 2021ರ ಕೊನೆಯಲ್ಲಿ ಈ ಭಾಗದ ಶಾಲೆಗಳಲ್ಲಿ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಆಗ ಗಂಗಾವತಿಯ ವಿದ್ಯಾರ್ಥಿನಿಯರು ತಮಗೆ ಮೊಟ್ಟೆ ಬೇಕೆಂದು ಎಲ್ಲರೆದುರು ಗಟ್ಟಿಯಾಗಿ ಹೇಳಿದ್ದನ್ನು ರಾಜ್ಯವೇ ಕೇಳಿತು. ತಮ್ಮ ಹಕ್ಕನ್ನು ಹೇಗೆ ಕೇಳಬೇಕೆಂದು ಆ ಹುಡುಗಿಯರು ಹಿರಿಯರಿಗೇ ಕಲಿಸಿದರು.

2015ರ ಬಿಸಿಯೂಟ ನಿಯಮಗಳ ಪ್ರಕಾರ, ಯಾವ ಕಾರಣಕ್ಕಾದರೂ ಶಾಲೆಯ ದಿನ ಊಟ ತಪ್ಪಿದರೆ ಆ ದಿನದ ಧಾನ್ಯ ಮತ್ತು ಅಡುಗೆ ವೆಚ್ಚವನ್ನು ಮುಂದಿನ ತಿಂಗಳ 15ರೊಳಗೆ ಆಹಾರ ಭದ್ರತಾ ಭತ್ಯೆಯಾಗಿ ಮಗುವಿಗೆ ಕೊಡಬೇಕು. ಸತತ ಮೂರು ದಿನ ಅಥವಾ ತಿಂಗಳಲ್ಲಿ ಐದು ದಿನ ತಪ್ಪಿದರೆ ಹೊಣೆ ಯಾರದೆಂದು ಸರ್ಕಾರ ಗೊತ್ತುಮಾಡಬೇಕು. ಊಟದ ದೂರನ್ನು ತಾಲೂಕು ಪಂಚಾಯಿತಿಯ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೆ, ಅಂಗನವಾಡಿಯದನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಕೊಡಿ. ಅಲ್ಲಿ ಆಗದಿದ್ದರೆ ಆಹಾರ ಭದ್ರತಾ ಕಾಯ್ದೆಯ 15ನೇ ಕಲಮಿನ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿ ಇದ್ದಾರೆ. ಅವರ ಆದೇಶ ಸರಿಕಾಣದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ ಮೇಲ್ಮನವಿ. ನಿವಾರಣಾಧಿಕಾರಿ ಶಿಫಾರಸು ಮಾಡಿದ ಪರಿಹಾರವನ್ನು ಸಕಾರಣವಿಲ್ಲದೆ ಕೊಡದ ನೌಕರರಿಗೆ 5,000 ರೂಪಾಯಿವರೆಗೆ ದಂಡ ಬೀಳಬಹುದು.

ಮೂರನೆಯದು ಆಟ. ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಬೆವರು ಬರುವಂತೆ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಆಟದ ಮೈದಾನವೂ ಆಟದ ಸಾಮಗ್ರಿಯೂ ಸೇರಿವೆ, ಖಾಸಗಿ ಶಾಲೆಗೂ ಇದು ಅನ್ವಯ. ಹರಿಯಾಣದ ಹಳ್ಳಿಯೊಂದರ ಶಾಲಾ ಜಾಗದ ಒತ್ತುವರಿ ಪ್ರಕರಣದಲ್ಲಿ 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಮೈದಾನವಿಲ್ಲದ ಶಾಲೆ ಇರಲಾಗದು ಎಂಬ ನಿಲುವು ತಳೆದು ಒತ್ತುವರಿ ಸಕ್ರಮಕ್ಕೆ ಒಪ್ಪಲಿಲ್ಲ. ಊರಿನ ಮೈದಾನದಲ್ಲಿ ಯಾರೋ ಕಣ ಮಾಡಿದ್ದರೆ, ಗೋಡೆ ಎಬ್ಬಿಸಿದ್ದರೆ ಈ ತೀರ್ಪನ್ನು ಅರ್ಜಿಯಲ್ಲಿ ಹೆಸರಿಸಿ. ಆಟದ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡುವ ರೂಢಿಯ ಬಗ್ಗೆಯೂ ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ. ಆ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು. ಈ ಕಾಯ್ದೆಯಡಿ ದೂರು ಕೊಟ್ಟರೆ ಸ್ಥಳೀಯ ಪ್ರಾಧಿಕಾರ ಮೂರು ತಿಂಗಳೊಳಗೆ ತೀರ್ಮಾನಿಸಬೇಕು, ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ದಪ್ಪಗಿರುವ ಮಗುವನ್ನು ತರಗತಿಯಲ್ಲಿ ‘ಡುಮ್ಮ’ ಎಂದು ಹಂಗಿಸುವ ಶಿಕ್ಷಕರಿದ್ದರೆ ಇದೇ ಕಾಯ್ದೆಯ 17ನೇ ಕಲಂ ನೆನಪಿರಲಿ. ಅದು ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ತುರ್ತಿದ್ದರೆ 1098ಕ್ಕೆ ಕರೆ ಮಾಡಿ.

ಮಗುವಿನ ತೂಕ ಎಷ್ಟೆಂದು ತಿಳಿಯಲು ದುಡ್ಡು ಬೇಕಿಲ್ಲ. ಅಂಗನವಾಡಿಯಲ್ಲಿ ಎತ್ತರ, ತೂಕ ಎರಡನ್ನೂ ಅಳೆದು ದಾಖಲಿಸುತ್ತಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಬಂದಾಗ ಏನು ಬರೆದುಕೊಂಡರೆಂದು ಕೇಳಿ.

ಯಾವ ದೂರಾದರೂ ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿಯ ಅರ್ಜಿ ಹಾಕಿ. ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ, 30 ದಿನದಲ್ಲಿ ಉತ್ತರ ಬರಬೇಕು. ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಮೈದಾನದ ಬೇಡಿಕೆಯನ್ನು ಮಕ್ಕಳೇ ಎತ್ತಲಿ, ಅದು ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಪಾಲಕರು ಅಲ್ಲಿಂದ ಏಳಬಾರದು.