ಮಗಳು ಮೈ ತುಂಬಿಕೊಂಡರೆ ಕಾಯಬೇಕೇ?

ಹೊಳೆನರಸೀಪುರದ ತಾಯಿಯ ಪತ್ರಕ್ಕೆ ಉತ್ತರ:

ಅಮ್ಮಾ, ‘ದೊಡ್ಡವಳಾದ ಮೇಲೆ ಇಳಿಯುತ್ತೆ’ ಎನ್ನುವ ಅತ್ತೆಯವರ ಮಾತನ್ನು ನೆಚ್ಚಿ ಕೂರಬೇಡಿ. ಒಂಬತ್ತು ವರ್ಷ, 132 ಸೆಂ.ಮೀ., 34 ಕೆ.ಜಿ. ಎಂದು ಬರೆದಿದ್ದೀರಿ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಸುಮಾರು 19.5. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಈ ವಯಸ್ಸಿನ ಹೆಣ್ಣುಮಕ್ಕಳಿಗೆ ಸುಮಾರು 18.3 ದಾಟಿದರೆ ಅಧಿಕ ತೂಕ, 21.5 ದಾಟಿದರೆ ಬೊಜ್ಜು. ನಿಮ್ಮ ಮಗಳು ಮೊದಲ ಗೆರೆ ದಾಟಿದ್ದಾಳೆ, ಎರಡನೆಯದನ್ನು ದಾಟಿಲ್ಲ.

ಇದು ಬೆಂಗಳೂರಿನ ಮಕ್ಕಳ ತೊಂದರೆ ಎಂದುಕೊಂಡಿದ್ದೀರಿ. ಆದರೆ ನಿಮ್ಮ ಸುತ್ತಲಿನ ಅರಕಲಗೂಡು, ಚನ್ನರಾಯಪಟ್ಟಣಗಳಲ್ಲೂ ಮಕ್ಕಳು ಶಾಲಾ ವ್ಯಾನ್ ಹತ್ತಿ, ಟ್ಯೂಷನ್ ಮುಗಿಸಿ, ಮೊಬೈಲ್ ಹಿಡಿಯುತ್ತಾರೆ. ಪುಟ್ಟ ಮಕ್ಕಳಲ್ಲೂ ಇದು ಏರಿದೆ: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಅಧಿಕ ತೂಕದವರು 2015-16ರಲ್ಲಿ ಶೇ 2.1, 2019-21ರಲ್ಲಿ ಶೇ 3.4.

ಊಟ ಮಾತ್ರ ನಿಲ್ಲಿಸಬೇಡಿ. ಎತ್ತರ ಬೆಳೆಯುವ ವಯಸ್ಸು; ಸದ್ಯ ತೂಕ ಏರದೆ ನಿಂತರೂ ಸಾಕು. ಮುದ್ದೆ, ಹುರುಳಿಕಾಳಿನ ಸಾರು, ಸೊಪ್ಪಿನ ಪಲ್ಯ ಮನೆಯವರೆಲ್ಲರ ತಟ್ಟೆಯಲ್ಲೂ ಇರಲಿ. ಬೇಕರಿ ಪಫ್ಸ್, ಚಿಪ್ಸ್, ಜ್ಯೂಸ್ ಪ್ಯಾಕೆಟ್ ಮನೆಗೇ ಬರದಿರಲಿ. ದಿನಕ್ಕೊಂದು ಗಂಟೆ ಬೆವರುವಷ್ಟು ಆಡಲಿ. ‘ಡುಮ್ಮಿ’ ಎಂದು ತಮಾಷೆಗೂ ಯಾರೂ ಕರೆಯಕೂಡದು. ಅತ್ತೆಯವರಿಗೂ ಇದನ್ನು ಹೇಳಿ. ಕುತ್ತಿಗೆಯ ಹಿಂದೆ ಚರ್ಮ ಕಪ್ಪಾಗಿ ದಪ್ಪಗಾಗಿದ್ದರೆ, ರಾತ್ರಿ ಗೊರಕೆಯಿದ್ದರೆ, ತಡಮಾಡದೆ ತಾಲ್ಲೂಕು ಆಸ್ಪತ್ರೆಯಲ್ಲಿ ಅಥವಾ ಹಾಸನದ ಹಿಮ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯರಿಗೆ ತೋರಿಸಿ.