ಕಣ್ಣಿಗೆ ಕಟ್ಟುವಂತೆ ಬರೆಯುವುದು ಹೇಗೆ?

ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಬಗ್ಗೆ ‘ಬಹಳ ಗಲಾಟೆ, ಬಹಳ ಜನ’ ಅಂತ ಬರೆದು ಅಜ್ಜಿಗೆ ಓದಿ ಹೇಳಿದೆ. ಅಜ್ಜಿಗೆ ಕಣ್ಣು ಕಾಣುವುದಿಲ್ಲ. ‘ನಂಗೇನೂ ಕಾಣ್ಲಿಲ್ಲ ಕಣಪ್ಪ’ ಅಂತು. ಬೇಜಾರಾಯ್ತು.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯಲ್ಲಿ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ. ಲೇಖಕರು ‘ಕಾಡು ಸುಂದರ’ ಅಂತ ಹೇಳಿ ಸುಮ್ಮನಾಗುವುದಿಲ್ಲ. ಮಂದಣ್ಣನ ಜೇನು, ಕಿವಿ ಎಂಬ ನಾಯಿ, ಹೀಗೆ ಒಂದೊಂದನ್ನೂ ಹೆಸರು ಹಿಡಿದು, ಅದು ಏನು ಮಾಡಿತು ಎಂದು ತೋರಿಸುತ್ತಾರೆ.

ನಾನೂ ಮತ್ತೆ ಬರೆದೆ: ‘ಕಂಡಕ್ಟರ್ ಹೊಸಕೋಟೆ, ಹೊಸಕೋಟೆ ಅಂತ ಕೂಗಿ ಬಾಗಿಲು ಬಡಿದರು. ಕಡಲೆಕಾಯಿ ಹುರಿಯೋ ವಾಸನೆ ಬಂತು. ಒಬ್ಬಮ್ಮ ಮಲ್ಲಿಗೆ ಹೂವನ್ನು ಮೊಳ ಹಾಕುತ್ತಿದ್ದರು.’

ಅಜ್ಜಿ ತಟ್ಟನೆ ಕೇಳ್ತು: ‘ಮೊಳ ಪೂರ್ತಿ ಹಾಕಿದ್ಳಾ, ಕೈ ಮಡಚಿದ್ಳಾ?’

ನಾನು ಅದನ್ನು ನೋಡಿರಲಿಲ್ಲ. ಶನಿವಾರ ಹೋಗಿ ನೋಡಿಕೊಂಡು ಬರಬೇಕು.