ತಂಗಡಗಿಯ ನೀಲಾಂಬಿಕೆ: ಬರಿಯ ಮಂತ್ರಿಪತ್ನಿಯಲ್ಲ
ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ, ಕೃಷ್ಣಾ ತೀರದ ಊರು, ನೀಲಾಂಬಿಕೆಯ ಐಕ್ಯಸ್ಥಳವೆಂದು ಪ್ರಸಿದ್ಧ. ಆಕೆಯನ್ನು ‘ಬಸವಣ್ಣನ ಪತ್ನಿ’ ಎಂದಷ್ಟೇ ಪರೀಕ್ಷೆಯಲ್ಲಿ ಬರೆದರೆ ಅಂಕ ಸಿಕ್ಕೀತು, ಉತ್ತರ ಮಾತ್ರ ಅರ್ಧವೇ. 12ನೇ ಶತಮಾನದ ಕಲ್ಯಾಣದಲ್ಲಿ ಕಲಚುರಿ ಬಿಜ್ಜಳನ ಭಂಡಾರಿಯಾಗಿದ್ದ ಗಂಡನ ಅಂಕಿತ ಕೂಡಲಸಂಗಮದೇವ; ಈಕೆ ‘ಸಂಗಯ್ಯ’ ಎಂಬ ಬೇರೆ ಅಂಕಿತದಲ್ಲಿ ನೂರಕ್ಕೂ ಹೆಚ್ಚು ವಚನ ರಚಿಸಿದಳು. (ಬಸವಣ್ಣನ ಇನ್ನೊಬ್ಬ ಪತ್ನಿ ಗಂಗಾಂಬಿಕೆಯದು ‘ಗಂಗಾಪ್ರಿಯ ಕೂಡಲಸಂಗಮದೇವ’, ಅಭ್ಯರ್ಥಿಗಳು ಎಡವುವುದು ಇಲ್ಲೇ.)

ಸಂಗಯ್ಯನೂ ಗಂಡನ ದೈವವೇ ಅಲ್ಲವೇ ಎಂಬ ಆಕ್ಷೇಪ ಸಹಜ. ನಿಜ, ದೈವ ಒಂದೇ. ಆದರೆ ಪರಂಪರೆ ಹೇಳುವಂತೆ, ನೀಲಾಂಬಿಕೆಯನ್ನು ಕೂಡಲಸಂಗಮಕ್ಕೆ ಕರೆತರಲು ಬಸವಣ್ಣ ಶರಣ ಹಡಪದ ಅಪ್ಪಣ್ಣನನ್ನು ಕಳಿಸಿದಾಗ, ಅಲ್ಲಿರುವ ಸಂಗಯ್ಯ ಇಲ್ಲಿಲ್ಲವೇ ಎಂದು ಆಕೆ ಕೇಳಿದಳು. ಕಥನ ದಾಖಲೆಯಲ್ಲ; ಆದರೂ ಅನುಯಾಯಿಗಳು ಆಕೆಯನ್ನು ನೆರಳಾಗಿ ಅಲ್ಲ, ಪ್ರಶ್ನಿಸುವ ಶರಣೆಯಾಗಿ ನೆನೆದರೆಂಬುದಕ್ಕೆ ಅದೇ ಸಾಕ್ಷಿ.